ಅಂಕಲಿ ಮನೆಯ ಪಾಸ್‌ವರ್ಡ್

ನಿಪ್ಪಾಣಿ
6 ಜನವರಿ 2014

ಅಪ್ಪಾ,

ಜಯ ಜಿನೇಂದ್ರ. ನಾನು ನಿಪ್ಪಾಣಿಯಲ್ಲಿದ್ದೇನೆ. ನೀವು ಹುಡುಕಿಸುವ ಕಷ್ಟ ಬೇಡವೆಂದು ಲಕೋಟೆಯ ಹಿಂದೆ ವಿಳಾಸ ಬರೆದಿದ್ದೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ವೈರ್‌ಲೆಸ್ ನೆಟ್‌ವರ್ಕ್ ಮತ್ತು ಅದರ ಭದ್ರತೆಯ ಪಾಠ ಹೇಳುತ್ತೇನೆ. ಅಕ್ಕುತಾಯಿ ಎನ್ನುವವರ ಮನೆಯಲ್ಲಿ ಒಂದು ಖೋಲಿ ಹಿಡಿದಿದ್ದೇನೆ. ಅವರು ಹಗಲೆಲ್ಲ ಬೀಡಿ ಕಟ್ಟುತ್ತಾರೆ. ತಂಬಾಕಿನ ಘಾಟು ಮೊದಲ ವಾರ ತಲೆಗೇರುತ್ತಿತ್ತು. ಈಗ ಗೊತ್ತಾಗುವುದಿಲ್ಲ. ಹಾಗೆ ಇನ್ನೂ ಬಹಳಷ್ಟು ಗೊತ್ತಾಗುವುದಿಲ್ಲ.

ಹಳೆಯ ಫೋನ್ ನಂಬರು ಬಂದ್ ಮಾಡಿದ್ದೇನೆ. ಹೊಸದನ್ನು ಕೊಡುವುದಿಲ್ಲ. ಬಾಯಿಂದ ಹೇಳಿದ್ದನ್ನು ನೀವು ನಂಬಲಿಲ್ಲ, ಅದಕ್ಕೇ ಕಾಗದ. ಬರೆದದ್ದು ಉಳಿಯುತ್ತದೆ, ಹಾಗಾಗಿ ನಿಮಗೆ ಗೊತ್ತಿದ್ದ ವಿಷಯವನ್ನೇ ಮತ್ತೊಮ್ಮೆ ಬರೆಯುತ್ತೇನೆ.

ಹೋದ ನವೆಂಬರಿನಲ್ಲಿ, ಅಷ್ಟಾಹ್ನಿಕ ಪರ್ವದ ಮೊದಲ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾಗವಾಡದ ಆಬಾಸಾಹೇಬರ ಮನೆಗೆ ಒಂದು ಇ-ಮೇಲ್ ಹೋಯಿತು. ಅವರ ಮಗ ಶಾಂತಿನಾಥನಿಗೆ ನನ್ನನ್ನು ಕೊಟ್ಟು, ಅವರ ಮಗಳನ್ನು ನಿಮ್ಮ ಮಗ ಸಂದೇಶನಿಗೆ ತರುವುದೆಂದು ಮಾತಾಗಿತ್ತು. ನಾನು ಚಿಕ್ಕೋಡಿಯಲ್ಲಿ ಆಗಲೇ ಒಬ್ಬನ ಜೊತೆ ರಿಜಿಸ್ಟರ್ ಮದುವೆ ಮಾಡಿಕೊಂಡಿದ್ದೇನೆಂದು ಆ ಮೇಲ್‌ನಲ್ಲಿತ್ತು. ಕೆಳಗೆ ಹೆಸರಿರಲಿಲ್ಲ, 'ನಿಮ್ಮ ಹಿತೈಷಿ' ಎಂದಿತ್ತು. ಎರಡೂ ಸಂಬಂಧ ಮುರಿದವು. ಆಬಾಸಾಹೇಬರು ಪೊಲೀಸರಿಗೆ ಹೇಳಿ, ಮೇಲ್ ಯಾವ ಇಂಟರ್ನೆಟ್ಟಿನಿಂದ ಹೋಯಿತೆಂದು ಐಪಿ ವಿಳಾಸ ತೆಗೆಸಿದರು. ಅದು ನಮ್ಮ ಮನೆಯದೇ. ಆ ಹೊತ್ತಿಗೆ ನೀವೂ ಅವ್ವನೂ ಬಸದಿಯಲ್ಲಿದ್ದಿರಿ. ಸಂದೇಶ ಚಿಕ್ಕೋಡಿಯ ಪೈಪಿನ ಅಂಗಡಿಯಲ್ಲಿದ್ದೆ ಎಂದ. ಮನೆಯಲ್ಲಿ ನಾನಿದ್ದೆ.

ಲಗ್ನ ಬೇಡಾಗಿ ನಾನೇ ನನ್ನ ಮೇಲೆ ಬರೆದುಕೊಂಡೆ ಎಂದಿರಿ. ನಾನು ಬರೆದಿಲ್ಲ, ಅಪ್ಪಾ.

ಬ್ರಾಹ್ಮಿ

*

ಅಂಕಲಿ
19 ಜನವರಿ 2014

ಚಿ. ಬ್ರಾಹ್ಮಿಗೆ ಆಶೀರ್ವಾದ.

ನಿನ್ನ ದಿ. 6ರ ಪತ್ರ ದಿ. 9ರಂದು ತಲುಪಿದೆ. ಕಾಕಾಸಾಹೇಬ ಪೋಸ್ಟಮನ್ ಅದನ್ನು ಓಣಿಯ ತುದಿಯಿಂದಲೇ ಎತ್ತಿ ತೋರಿಸುತ್ತ ಬಂದ. ಲಕೋಟೆಗೆ ಅಂಟು ಸರಿಯಾಗಿ ಹಚ್ಚು, ಒಂದು ಮೂಲೆ ಎದ್ದಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗುಮಾಸ್ತಿಕೆ ಮಾಡಿದವನ ಮಗಳಿಗೆ ಇದನ್ನೂ ಹೇಳಿಕೊಡಬೇಕೆ?

ನಿನ್ನ ಅವ್ವ ಕ್ಷೇಮ. ಗೋಡೆಯ ಮೊಳೆಗೆ ನಿನ್ನ ಹಸಿರು ಓಢಣಿ ಇನ್ನೂ ತೂಗುತ್ತಿದೆ. ತೆಗೆಯಲು ಹೇಳಿದರೆ ಇರಲಿ ಬಿಡ್ರಿ ಅನ್ನುತ್ತಾಳೆ. ಸಂದೇಶ ಅಂಗಡಿಗೆ ಹೋಗಿ ಬರುತ್ತಿದ್ದಾನೆ.

ನೀನು ಬರೆದ ವಿಷಯಕ್ಕೆ ಈಗ ನಾನು ಏನೂ ಬರೆಯುವುದಿಲ್ಲ. ಬೇರೆ ಒಂದು ಪ್ರಶ್ನೆ. ಮೊಬೈಲಿನಲ್ಲಿ ವೈಫೈ ಹಚ್ಚಿದರೆ ನಮ್ಮ ಮನೆಯ ಹೆಸರು ಬರುತ್ತದಲ್ಲ, ಅದಕ್ಕೆ ಏನೋ ನಾಲ್ಕು ಅಕ್ಷರದ ಹೆಸರು ಹೇಳಿದ್ದೆ. ಮರೆತೆ. ವೇಳೆ ಇದ್ದರೆ ತಿಳಿಸು.

ನಿನ್ನ ತಂದೆ
ಜಯಪಾಲ

*

ನಿಪ್ಪಾಣಿ
2 ಫೆಬ್ರುವರಿ 2014

ಅಪ್ಪಾ,

ಎಸ್ಎಸ್ಐಡಿ. ಅಂದರೆ ನೆಟ್‌ವರ್ಕಿನ ಹೆಸರು, ಬಾಗಿಲ ಮೇಲಿನ ಬೋರ್ಡಿನ ಹಾಗೆ. ಅದನ್ನು ಹೋಗುವವರು ಬರುವವರು ಎಲ್ಲರೂ ಓದಬಹುದು. ಒಳಗೆ ಬರಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇದ್ದರೆ, ಒಳಗಿನ ಮಾತು ಹೊರಗಿನವರಿಗೆ ತಿಳಿಯದ ಹಾಗೆ ಕಲಸಿ ಕಳಿಸುತ್ತದೆ. ಅದಕ್ಕೆ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಇವಿಷ್ಟು ಮೊದಲ ವಾರದ ಪಾಠ.

ಎರಡನೆಯ ವಾರ ಕೆಟ್ಟ ಪಾಸ್‌ವರ್ಡ್‌ಗಳ ಪಾಠ ಇತ್ತು. ಹುಡುಗರಿಗೆ ನಮ್ಮ ಮನೆಯದನ್ನೇ ಉದಾಹರಣೆ ಕೊಟ್ಟೆ. ಯಾರ ಮನೆಯೆಂದು ಹೇಳಲಿಲ್ಲ. ಮೋಡೆಮ್ ಕೂಡಿಸಿದ ದಿನ ನಾನು ಹನ್ನೆರಡು ಅಕ್ಷರದ್ದೊಂದು ಬರೆದುಕೊಟ್ಟಿದ್ದೆ. ನೀವು ಅದನ್ನು ಹರಿದು, ಣಮೋಕಾರ ಎಂದು ಬರೆದು ಮುಂದೆ ಮೂವತ್ತೈದು ಹಾಕಿಸಿದಿರಿ. 'ಕೇಳಿದವರ ಬಾಯಾಗ ಮಂತ್ರದ ಹೆಸರರೆ ಬರಲಿ, ಪುಣ್ಯ ಬರತೈತಿ' ಅಂದಿರಿ. ಆ ಮಂತ್ರಕ್ಕೆ ಮೂವತ್ತೈದು ಅಕ್ಷರವೆಂದು ನಮ್ಮ ಓಣಿಯಲ್ಲಿ ನಾಲ್ಕು ವರ್ಷದ ಕೂಸಿಗೂ ಗೊತ್ತು. ಪರ್ಯೂಷಣದ ಹಬ್ಬದಲ್ಲಿ ಮುನಿ ಮಹಾರಾಜರ ಪ್ರವಚನವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಲೆಂದು ನೀವೇ ಬಸದಿಯಲ್ಲಿ ಎದ್ದು ನಿಂತು ಆ ಪಾಸ್‌ವರ್ಡ್ ಸಾರಿದಿರಿ.

ಹಾಗಾಗಿ ಆ ದಿನ ನಮ್ಮ ಮನೆಯ ಐಪಿ ವಿಳಾಸದಿಂದ ಮೇಲ್ ಹೋಗಲು ಯಾರೂ ನಮ್ಮ ಮನೆಯೊಳಗೆ ಇರಬೇಕಾಗಿರಲಿಲ್ಲ. ಸಿಗ್ನಲ್ ಗೋಡೆ ದಾಟುತ್ತದೆ. ಬಸದಿಯ ಕಟ್ಟೆಯ ತನಕ ಬರುತ್ತದೆ, ಹಿತ್ತಲಿನ ಕಟ್ಟಿಗೆ ಖೋಲಿಯ ತನಕವೂ ಬರುತ್ತದೆ. ನೀವು ಅಂದ ಮಾತು ನನಗೆ ನೆನಪಿದೆ. 'ಕದಾ ಹಾಕಿದ ಮನ್ಯಾಗ ನೀ ಒಬ್ಬಾಕಿನ ಇದ್ದಿ.' ಆ ಮಾತು ತಾಂತ್ರಿಕವಾಗಿ ತಪ್ಪು.

ಬ್ರಾಹ್ಮಿ

*

ಅಂಕಲಿ
25 ಫೆಬ್ರುವರಿ 2014

ಚಿ. ಬ್ರಾಹ್ಮಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಎರಡು ಸಲ ಓದಿದೆ. ಪಾಸ್‌ವರ್ಡ್ ವಿಷಯದಲ್ಲಿ ನನ್ನ ತಪ್ಪಿದೆಯೆಂದು ಒಪ್ಪುತ್ತೇನೆ. ಊರ ಬಾವಿಗೆ ಯಾರೂ ಬೀಗ ಹಾಕುವುದಿಲ್ಲ, ಅದೇ ಬುದ್ಧಿ ಇಲ್ಲಿಯೂ ಓಡಿತು.

ಆದರೆ ಇನ್ನು ಅದನ್ನು ಕೆದರಿ ಏನು ಮಾಡುವುದು? ಕಾಗವಾಡದವರು ಶಾಂತಿನಾಥನಿಗೆ ಬೇರೆ ಕಡೆ ಗೊತ್ತು ಮಾಡಿದರಂತೆ. ಓಣಿಯ ಜನರಿಗೂ ಹೊಸ ಸುದ್ದಿ ಸಿಕ್ಕಿದೆ. ನಾಲ್ಕು ದಿನ ಹೋದರೆ ಎಲ್ಲ ಮರೆಯುತ್ತಾರೆ. ನೀನೂ ಮರೆತು ಊರಿಗೆ ಬಾ. ಯಾರೂ ಏನೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ.

ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ನಿನಗೆ ಕಳಿಸು ಅಂದಳು. ಪೋಸ್ಟಿನಲ್ಲಿ ಪುಡಿಯಾಗುತ್ತವೆ ಅಂದೆ. ಅವಳು ಡಬ್ಬಿ ಮುಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. ಇವತ್ತಿಗೂ ಅಲ್ಲೇ ಇದೆ.

ನಿನ್ನ ತಂದೆ
ಜಯಪಾಲ

*

ನಿಪ್ಪಾಣಿ
10 ಮಾರ್ಚ್ 2014

ಅಪ್ಪಾ,

ಯಾರೂ ಏನೂ ಕೇಳದ ಮನೆಗೆ ನಾನು ಬರುವುದಿಲ್ಲ. ಕೇಳಬೇಕು, ನಾನಲ್ಲವೆಂದು ನೀವು ಹೇಳಬೇಕು. ನನಗೆ ಶಾಂತಿನಾಥ ಬೇಕಾಗಿಲ್ಲ. ಬೇಕಾದದ್ದು ಇಷ್ಟೇ.

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಅಂಕಲಿಯ ಹೆಣ್ಣುಮಕ್ಕಳಿಬ್ಬರು ಕಂಡರು. ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ ಏನೋ ಹೇಳಿದಳು. ಆಕೆ ನನ್ನ ಕೊರಳು ನೋಡಿದಳು, ತಾಳಿ ಐತೋ ಇಲ್ಲೋ ಅಂತ. ನಾನು ಕೊರಳು ಮುಚ್ಚಲಿಲ್ಲ. ಬಸ್ ಬಂತು, ಅವರು ಹತ್ತಿದರು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಖೋಲಿಗೆ ಬಂದು ಉತ್ತರ ಪತ್ರಿಕೆ ತಿದ್ದಿದೆ.

ಒಂದು ಕೆಲಸ ಮಾಡಿ. ಪ್ರತಿ ಮೊಬೈಲಿಗೂ ಹುಟ್ಟುತ್ತಲೇ ಬಂದ ಒಂದು ನಂಬರು ಇರುತ್ತದೆ, ಮ್ಯಾಕ್ ಅಡ್ರೆಸ್ ಅನ್ನುತ್ತಾರೆ. ಯಾವ ಮೊಬೈಲು ಯಾವ ಹೊತ್ತಿಗೆ ನಮ್ಮ ವೈಫೈಗೆ ಬಂದು ಸೇರಿತು ಎಂಬುದನ್ನು ನಮ್ಮ ಮೋಡೆಮ್ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಅಂತ ಹೆಸರು. ನಮ್ಮದರಲ್ಲಿ ಹಳೆಯದು ಬಹಳ ದಿನ ಉಳಿಯುತ್ತದೆ, ನಾನು ಮೊದಲೇ ನೋಡಿದ್ದೇನೆ. ಫೋನ್ ಆಫೀಸಿನ ಉತ್ತಮನನ್ನು ಕರೆಯಿರಿ. ಆ ದಿನದ ಹಾಳೆಯನ್ನು ತೆಗೆಸಿ, ಹನ್ನೊಂದು ಗಂಟೆಗೆ ಯಾವ ಯಾವ ಮೊಬೈಲು ಇದ್ದವು ಎಂದು ಬರೆಸಿ ಕಳಿಸಿ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಬ್ರಾಹ್ಮಿ

*

ಅಂಕಲಿ
4 ಮೇ 2014

ಚಿ. ಬ್ರಾಹ್ಮಿಗೆ ಆಶೀರ್ವಾದ.

ಉತ್ತರ ತಡವಾಯಿತು. ಹೋದ ವಾರ ಅಡ್ಡಮಳೆ ಜೋರಾಗಿ ಬಂತು. ಸಿಡಿಲಿಗೆ ಮೋಡೆಮ್ ಸುಟ್ಟಿತು. ಹಾಗಾಗಿ ನೀನು ಕೇಳಿದ ಲಾಗ್ ಸಿಗುವ ಹಾಗಿಲ್ಲ. ಹೊಸ ಮೋಡೆಮ್ ತರುವುದು ಬೇಡವೆಂದು ಮಾಡಿದ್ದೇನೆ.

ಮತ್ತೊಂದು ವಿಷಯ. ಸಂದೇಶನಿಗೆ ಅಥಣಿಯ ಕಡೆಯ ಹುಡುಗಿ ಗೊತ್ತಾಗಿದೆ. ಅವನೇ ನೋಡಿದ್ದು, ಮೊದಲಿನಿಂದ ಪರಿಚಯವಂತೆ. ಈ ತಿಂಗಳ 29ಕ್ಕೆ ಲಗ್ನ. ನೀನು ಬಂದರೆ ಅವ್ವನಿಗೆ ಸಮಾಧಾನ ಆಗುತ್ತದೆ.

ನಿನ್ನ ತಂದೆ
ಜಯಪಾಲ

*

ನಿಪ್ಪಾಣಿ
20 ಮೇ 2014

ಅಪ್ಪಾ,

ಲಗ್ನಕ್ಕೆ ಬರುವುದಿಲ್ಲ. ಅವ್ವನಿಗೆ ಒಂದು ಸೀರೆ ಕಳಿಸಿದ್ದೇನೆ.

ಮೊದಲಿನಿಂದ ಪರಿಚಯ ಎಂಬ ಮಾತನ್ನು ಓದಿದೆ. ಹಾಗಿದ್ದರೆ ಕಾಗವಾಡದ ಹುಡುಗಿ ಅವನಿಗೆ ಮೊದಲಿನಿಂದಲೇ ಬೇಡವಾಗಿದ್ದಳು. ಬೇಡ ಅನ್ನಲು ಅವನಿಗೆ ಬಾಯಿ ಇರಲಿಲ್ಲ. ನನ್ನ ಸಂಬಂಧ ಮುರಿದರೆ ಅವನದು ತಾನಾಗಿ ಮುರಿಯುತ್ತಿತ್ತು. ನಾನು ಹೇಳುವುದು ಇಷ್ಟೇ. ನನ್ನ ಕೈಯಲ್ಲಿ ಸಾಕ್ಷಿ ಇಲ್ಲ, ಅದು ಸಿಡಿಲಿಗೆ ಸುಟ್ಟಿದೆಯಂತೆ.

ಆ ವಾರ ನಿಪ್ಪಾಣಿಯಲ್ಲೂ ಮಳೆ ಬಂತು. ಇಲ್ಲಿ ಸಿಡಿಲು ಬೀಳಲಿಲ್ಲ. ಅಂಕಲಿಯಲ್ಲಿ ಬಿದ್ದಿರಬಹುದು.

ಇನ್ನು ನಾನಾಗಿ ಬರೆಯುವುದಿಲ್ಲ.

ಬ್ರಾಹ್ಮಿ

*

ಅಂಕಲಿ
10 ಸೆಪ್ಟೆಂಬರ್ 2014

ಚಿ. ಬ್ರಾಹ್ಮಿಗೆ,

ಇಂದು ಕ್ಷಮಾವಾಣಿ. ಬೆಳಿಗ್ಗೆ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು ಕ್ಷಮೆ ಕೇಳಿದರು. ನಾನೂ ಕೇಳಿದೆ. ಹೋದ ವರ್ಷ ಯಾರ ಜೊತೆ ಮಾತನ್ನೇ ಆಡಿಲ್ಲವೋ ಅವರಿಗೂ ಕೇಳಿದೆ. ಮನೆಗೆ ಬಂದು, ದೂರದ ನೆಂಟರಿಗೆ ಕಳಿಸುವ ಅಚ್ಚಾದ ಕಾರ್ಡುಗಳನ್ನು ಮುಂದಿಟ್ಟುಕೊಂಡು ಕೂತೆ. ಪ್ರತಿ ವರ್ಷದ ಹಾಗೆ ನೂರು ಹಾಕಿಸಿದ್ದೇನೆ. 'ವರ್ಷವಿಡೀ ನಮ್ಮಿಂದ ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನು ಮನ್ನಿಸಬೇಕು.' ತೊಂಬತ್ತೊಂಬತ್ತಕ್ಕೆ ಹಾಗೇ ಸಹಿ ಮಾಡಿದೆ. ನಿನ್ನದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರಲ್ಲಿ 'ತಿಳಿಯದೆಯೋ' ಎಂಬುದನ್ನು ಹೊಡೆದು ಹಾಕಿದ್ದೇನೆ. ಕಾರಣ ಬರೆಯುತ್ತೇನೆ.

ಸಿಡಿಲು ಬಿದ್ದಿಲ್ಲ. ಐಪಿ ವಿಳಾಸ ನಮ್ಮದೆಂದು ತಿಳಿದ ಮೂರನೆಯ ದಿನವೇ ನಾನು ಉತ್ತಮನನ್ನು ಕರೆಸಿದ್ದೆ. ಆಗ ನೀನಿನ್ನೂ ಮನೆಯಲ್ಲೇ ಇದ್ದೆ, ಒಳಗೆ ಮಲಗಿದ್ದೆ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಆ ಲಾಗ್ ತೆಗೆದ. ಹನ್ನೊಂದಕ್ಕೆ ಹತ್ತು ಕಡಿಮೆ ಇರುವಾಗ ಒಂದು ಮೊಬೈಲು ಸೇರಿತ್ತು, ಹನ್ನೊಂದೂ ಇಪ್ಪತ್ತಕ್ಕೆ ಬಿಟ್ಟಿತ್ತು. ನಿನ್ನ ಮೊಬೈಲು ಆ ಹೊತ್ತಿಗೆ ವೈಫೈಗೆ ಸೇರಿರಲೇ ಇಲ್ಲ. ಅವನು ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಸಂಜೆ ಸಂದೇಶ ಸ್ನಾನಕ್ಕೆ ಹೋದಾಗ ಅವನ ಮೊಬೈಲು ತೆಗೆದು, ಉತ್ತಮ ಹೇಳಿಕೊಟ್ಟ ಹಾಗೆ ನೋಡಿದೆ. ಹನ್ನೆರಡು ಅಂಕಿ ಅಕ್ಷರ. ಒಂದೊಂದಾಗಿ ತಾಳೆ ನೋಡಿದೆ. ಹನ್ನೆರಡೂ ಕೂಡಿದವು. ಚಿಕ್ಕೋಡಿಯಲ್ಲಿ ಇದ್ದೆ ಅಂದವನು ಹಿತ್ತಲಿನ ಕಟ್ಟಿಗೆ ಖೋಲಿಯಲ್ಲಿ ಕೂತಿದ್ದ.

ಮರುದಿನ ಉತ್ತಮನಿಗೆ ಕೇಳಿದೆ, ಇದನ್ನ ಅಳಸಾಕ ಬರತೈತೇನು ಅಂತ. ಅವನು ನನ್ನ ಮುಖ ನೋಡಿದ. 'ಹಿಂದ ಸಣ್ಣ ತೂತ ಐತ್ರಿ. ಪಿನ್ ಚುಚ್ಚಿ ಹತ್ತ ಎಣಸ್ರಿ' ಅಂದ. ನಾನು ಎಣಿಸಿದೆ.

ಸಂದೇಶನಿಗೆ ನಾನು ಏನೂ ಕೇಳಲಿಲ್ಲ. ನನಗೆ ಗೊತ್ತೆಂಬುದು ಅವನಿಗೂ ಗೊತ್ತಿದೆ. ಹತ್ತು ತಿಂಗಳಿಂದ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೇವೆ. ಗಂಡುಹುಡುಗ, ಹೆಸರು ಕೆಟ್ಟರೆ ಎಲ್ಲಿಯೂ ಹೆಣ್ಣು ಸಿಗಲಿಕ್ಕಿಲ್ಲ, ನೀನು ಹೇಗಿದ್ದರೂ ಓದಿದವಳು, ಗಟ್ಟಿ ಇದ್ದೀ ಎಂದುಕೊಂಡೆ. ನೀನು ಚೀಲ ಹಿಡಿದು ಹೊಸ್ತಿಲು ದಾಟಿದಾಗ ಆ ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಈಗ ಸ್ವಾಧ್ಯಾಯದ ಪುಸ್ತಕದಲ್ಲಿದೆ. ದಿನಾ ಓದಲು ತೆಗೆಯುತ್ತೇನೆ, ಅದೇ ಹಾಳೆ ತೆರೆಯುತ್ತದೆ.

ನನಗೆ ನಾಚಿಕೆಯಾಗಿದೆ. ನಿನ್ನ ಅವ್ವನಿಗೆ ಇದು ಗೊತ್ತಿಲ್ಲ. ಪತ್ರ ಓದಿ ಹರಿದು ಹಾಕು. ಅಂಟು ಎರಡು ಸಲ ಹಚ್ಚಿದ್ದೇನೆ.

ಜಯಪಾಲ

*

ಪೋಸ್ಟ್ ಕಾರ್ಡು
ನಿಪ್ಪಾಣಿ
16 ಸೆಪ್ಟೆಂಬರ್ 2014

ಅಪ್ಪಾ,

ಲಕೋಟೆ ಮುಟ್ಟಿತು. ನಾನು ಹರಿದಿಲ್ಲ.

ನನ್ನ ಮೇಲಿನ ಸುಳ್ಳು ಕಾಗವಾಡದ ತನಕ ಬಯಲಲ್ಲಿ ಹೋಯಿತು. ನಾನಲ್ಲ ಎಂಬ ಮಾತು ಮಾತ್ರ ಅಂಟು ಹಚ್ಚಿಕೊಂಡು ನನ್ನೊಬ್ಬಳಿಗೇ ಬಂದಿದೆ. ನನಗದು ಮೊದಲೇ ಗೊತ್ತಿತ್ತು.

ಕ್ಷಮಾ ಕೇಳಿದವರಿಗೆ, ಮನ್ನಿಸಿದೆ ಎನ್ನಲು, 'ಉತ್ತಮ ಕ್ಷಮಾ' ಎಂದು ಬರೆಯಬೇಕು. ಬರೆಯಲು ಕೂತೆ, ಕೈ ಏಳಲಿಲ್ಲ. ನೀವು ಪಾಸ್‌ವರ್ಡನ್ನು ಎಲ್ಲಿ ನಿಂತು ಸಾರಿದ್ದಿರೋ ಅಲ್ಲೇ ನಿಂತು ಇದನ್ನೂ ಹೇಳಿ. ಹೇಳಿದ ಮೇಲೆ ನನಗೂ ಕಾರ್ಡಿನಲ್ಲೇ ಬರೆಯಿರಿ.

ಇದನ್ನು ಕಾಕಾಸಾಹೇಬ ಮಾಮಾ ಓದುತ್ತಾರೆಂದು ಗೊತ್ತಿದೆ. ಓದಲಿ. ಮಾಮಾ, ಜಯ ಜಿನೇಂದ್ರ.

ಬ್ರಾಹ್ಮಿ

*

ಪೋಸ್ಟ್ ಕಾರ್ಡು
ಅಂಕಲಿ
28 ಸೆಪ್ಟೆಂಬರ್ 2014

ಚಿ. ಬ್ರಾಹ್ಮಿಗೆ,

ಕಾರ್ಡು ಕೊಡುವಾಗ ಕಾಕಾಸಾಹೇಬ ನನ್ನ ಮುಖ ನೋಡಲಿಲ್ಲ. ಒಂಬತ್ತು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ನಿನ್ನೆ ರಾತ್ರಿ ಅವ್ವನಿಗೆ ಹೇಳಿದೆ. ಇಂದು ರವಿವಾರ, ಅಭಿಷೇಕ ಮುಗಿದ ಮೇಲೆ ಬಸದಿಯಲ್ಲಿ ಎದ್ದು ನಿಂತೆ. ಕಾಗವಾಡಕ್ಕೆ ಮೇಲ್ ಬರೆದದ್ದು ನನ್ನ ಮಗಳಲ್ಲ, ನನ್ನ ಮಗ ಎಂದೆ. ಅದರಲ್ಲಿ ಇದ್ದದ್ದು ಸುಳ್ಳು ಎಂದೆ. ನನಗೆ ಮೂರನೆಯ ದಿನವೇ ಗೊತ್ತಿತ್ತು, ನಾನೇ ಅಳಿಸಿದೆ ಎಂದೆ. ಸಂದೇಶ ಎದ್ದು ಹೊರಗೆ ಹೋದ. ಅವನ ಹೆಂಡತಿ ಕೂತಲ್ಲೇ ಕೂತಿದ್ದಳು. ಅವ್ವ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು, ಆದರೆ ನನ್ನ ಕಡೆ ನೋಡಲಿಲ್ಲ. 'ಆಕಿ ಓಢಣಿ ನಾ ಸುಮ್ಮ ಇಟ್ಟಿಲ್ಲ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಆಬಾಸಾಹೇಬರಿಗೂ ಇದನ್ನೇ ಕಾರ್ಡಿನಲ್ಲಿ ಬರೆದು ಹಾಕಿದ್ದೇನೆ. ಅಕ್ಕುತಾಯಿಯವರು ಓದಿದರೆ ಅವರಿಗೂ ನನ್ನ ನಮಸ್ಕಾರ.

ಜಯಪಾಲ

*

ನಿಪ್ಪಾಣಿ
5 ಅಕ್ಟೋಬರ್ 2014

ಅಪ್ಪಾ,

ನಾನು ಕ್ಲಾಸಿನಿಂದ ಬರುವ ಮೊದಲೇ ಅಕ್ಕುತಾಯಿಯವರು ಕಾರ್ಡು ಓದಿದ್ದರು. ಬೀಡಿಯ ಮೊರ ಬದಿಗಿಟ್ಟು ಬಾಗಿಲಲ್ಲಿ ನಿಂತಿದ್ದರು. ಇನ್ನೊಮ್ಮೆ ದೊಡ್ಡದಾಗಿ ಓದಲು ಹೇಳಿದೆ. ಓದಿದರು. ನಾನು ಅಳುತ್ತೇನೆಂದುಕೊಂಡಿದ್ದೆ, ಅಳು ಬರಲಿಲ್ಲ. ಕೈಕಾಲು ತೊಳೆದು ಊಟ ಮಾಡಿದೆ. ಊಟದ ನಡುವೆ ತಂಬಾಕಿನ ಘಾಟು ಮೂಗಿಗೆ ಬಂತು. ಒಂಬತ್ತು ತಿಂಗಳ ಮೇಲೆ ಮೊದಲ ಸಲ. ಸೀನಿದೆ.

'ಉತ್ತಮ ಕ್ಷಮಾ' ಎಂದು ಇವತ್ತೂ ಬರೆಯಲಾರೆ. ಸುಳ್ಳೇ ಬರೆದರೆ ನಿಮ್ಮ ತೊಂಬತ್ತೊಂಬತ್ತು ಕಾರ್ಡಿನ ಹಾಗೆ ಆಗುತ್ತದೆ.

ಅವ್ವನಿಗೆ ಹೇಳಿ, ಓಢಣಿ ಅಲ್ಲೇ ಇರಲಿ.

ಲಕೋಟೆಯ ಒಳಮೈಯಲ್ಲಿ ನನ್ನ ಹೊಸ ನಂಬರು ಬರೆದು ಅಂಟು ಹಚ್ಚಿದ್ದೇನೆ. ಅದು ನಿಮಗೂ ಅವ್ವನಿಗೂ ಮಾತ್ರ, ಸಂದೇಶನಿಗಲ್ಲ. ಬಸದಿಯಲ್ಲಿ ಸಾರಬೇಡಿ. ಮೊದಲ ದಿನ ಫೋನ್ ಮಾಡಿದರೆ ನಾನು ಎತ್ತಲಿಕ್ಕಿಲ್ಲ. ಮರುದಿನವೂ ಎತ್ತಲಿಕ್ಕಿಲ್ಲ. ಆದರೂ ಮಾಡುತ್ತಿರಿ.

ಬ್ರಾಹ್ಮಿ